ಗಾಜಿನ ಬೀರುವಿಗೆ ಬಂದ ಗೊಂಬೆಗಳು

ಶ್ರೋತೃಗಳಿಗೆ ನಮಸ್ಕಾರ.

ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಗೊಂಬೆಗಳು ವರ್ಷದ ಬಹುಪಾಲನ್ನು ಅಟ್ಟದ ಮೇಲಿನ ಟ್ರಂಕಿನಲ್ಲಿಯೇ ಕಳೆಯುತ್ತಿದ್ದವು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಅವನ್ನು ಕೆಳಗಿಳಿಸಿ, ದೂಳು ಕೊಡವಿ, ನವರಾತ್ರಿಯ ಪಾಡ್ಯದಂದು ಮೆಟ್ಟಿಲುಗಳ ಮೇಲೆ ಕೂರಿಸಿ, ಹಬ್ಬ ಮುಗಿದ ಮೇಲೆ ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿ ಮತ್ತೆ ಮೇಲಕ್ಕೆ ಏರಿಸಿಬಿಡುವುದು ವಾಡಿಕೆಯಾಗಿತ್ತು. ಮದುವೆಯಲ್ಲಿ ತವರಿನವರು ಮಗಳಿಗೆ ಕೊಟ್ಟ ಪಟ್ಟದ ಗೊಂಬೆಗಳು ಎರಡು ಮೂರು ತಲೆಮಾರುಗಳನ್ನು ದಾಟಿ ಇಂದಿಗೂ ಉಳಿದಿದ್ದರೆ, ಆ ಕತ್ತಲೆಯ ವಿಶ್ರಾಂತಿಯೂ ಅದಕ್ಕೊಂದು ದೊಡ್ಡ ಕಾರಣ. ಈಗ ಅಟ್ಟವೇ ಇಲ್ಲದ ಮನೆಗಳು ಹೆಚ್ಚಾಗಿವೆ. ಗೊಂಬೆಗಳು ನಡುಮನೆಯ ಗಾಜಿನ ಬೀರುವಿಗೆ ಬಂದು ನೆಲೆಸಿವೆ. ರಕ್ತಚಂದನದ ರಾಜ ರಾಣಿಯರ ಪಕ್ಕದಲ್ಲಿ ಚನ್ನಪಟ್ಟಣದ ಅರಗಿನ ಗೊಂಬೆ, ಕಿನ್ನಾಳದ ಗರುಡ, ಕೊಂಡಪಲ್ಲಿಯ ಆನೆ ಅಂಬಾರಿ, ತಂಜಾವೂರಿನ ತಲೆಯಾಡಿಸುವ ಗೊಂಬೆ, ಮಕ್ಕಳು ಕೂಡಿಟ್ಟ ಪ್ಲಾಸ್ಟಿಕ್ಕಿನ ವೀರರು, ಎಲ್ಲರೂ ಒಂದೇ ಹಲಗೆಯ ಮೇಲೆ ನಿಂತಿರುತ್ತಾರೆ. ವರ್ಷಕ್ಕೆ ಹತ್ತು ದಿನ ಬೆಳಕು ಕಾಣುತ್ತಿದ್ದ ಗೊಂಬೆ ಈಗ 365 ದಿನವೂ ಬೆಳಕಿನಲ್ಲಿರುತ್ತದೆ. ಹೀಗಿರುವಾಗ ಅದನ್ನು ಒರೆಸುವ, ಇಡುವ, ಜೋಡಿಸುವ ಕ್ರಮವೂ ಬದಲಾಗಬೇಕೆಂಬುದನ್ನು ಈ ಭಾಷಣದಲ್ಲಿ ವಿವರವಾಗಿ ಹೇಳಲು ಬಯಸುತ್ತೇನೆ.

ದೂಳು ಕಂಡ ಕೂಡಲೇ ಒದ್ದೆ ಬಟ್ಟೆಯನ್ನು ಕೈಗೆತ್ತಿಕೊಳ್ಳುವುದು ನಮ್ಮ ಮನೆಗಳ ಅಭ್ಯಾಸ. ಗೊಂಬೆಗಳ ವಿಷಯದಲ್ಲಿ ಅದನ್ನು ಬಿಡಲೇಬೇಕು. ಗೊಂಬೆ ಯಾವುದರಿಂದ ಆಗಿದೆ, ಅದರ ಮೇಲಿನ ಬಣ್ಣ ಯಾವ ಬಗೆಯದು ಎಂಬುದನ್ನು ತಿಳಿದುಕೊಳ್ಳದೆ ನೀರನ್ನಾಗಲಿ ಎಣ್ಣೆಯನ್ನಾಗಲಿ ಸೋಕಿಸಬಾರದು. ದೂಳಿನಿಂದ ಕೆಟ್ಟ ಗೊಂಬೆಗಳಿಗಿಂತ ದೂಳು ತೆಗೆಯಲು ಹೋಗಿ ಕೆಡಿಸಿದ ಗೊಂಬೆಗಳೇ ಹೆಚ್ಚೆಂದು ನಾನು ನಂಬುತ್ತೇನೆ.

ಚನ್ನಪಟ್ಟಣದ ಗೊಂಬೆಯನ್ನೇ ನೋಡೋಣ. ಆಲೆ ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ, ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ, ಆಮೇಲೆ ತಾಳೆ ಗರಿಯಿಂದ ತಿಕ್ಕಿದಾಗ ಹೊಳಪು ಏಳುತ್ತದೆ. ಬಿಸಿಗೆ ಮೆದುವಾಗುವುದು, ಸ್ಪಿರಿಟ್ಟಿನಲ್ಲಿ ಕರಗುವುದು, ಸೋಡಾ ಮತ್ತು ಅಮೋನಿಯಾದಂತಹ ಕ್ಷಾರಗಳ ಮುಂದೆ ನಿಲ್ಲದಿರುವುದು ಅರಗಿನ ಸ್ವಭಾವ. ಆದ್ದರಿಂದ ಕೈಗೆ ಹಚ್ಚಿಕೊಂಡ ಸ್ಯಾನಿಟೈಸರ್ ಆರುವ ಮೊದಲೇ ಅರಗಿನ ಗೊಂಬೆಯನ್ನು ಹಿಡಿದರೆ ಬೆರಳಿನ ಗುರುತು ಅದರ ಮೇಲೆ ಮೂಡಿ ಉಳಿದುಬಿಡಬಹುದು. ಗೊಂಬೆಗಳನ್ನು ಒಳಗೇ ಬಿಟ್ಟು ಬೀರುವಿನ ಗಾಜಿಗೆ ಸಿಂಪಡಿಸುವ ದ್ರವದಲ್ಲಿಯೂ ಅಮೋನಿಯಾ ಅಥವಾ ಸ್ಪಿರಿಟ್ ಇರುವುದುಂಟು. ಅದರ ಸಣ್ಣ ಹನಿಗಳು ಹಾರಿ ಬಿದ್ದಲ್ಲಿ ಅರಗು ಮಂಕಾಗಿ ಬಿಳಿಚಿಕೊಳ್ಳುತ್ತದೆ. ಇಂತಹ ಗೊಂಬೆಗೆ ಒಣಗಿದ ಮೆತ್ತನೆಯ ಹತ್ತಿ ಬಟ್ಟೆ ಸಾಕು. ಕೈಜಿಡ್ಡು ಹೋಗದಿದ್ದರೆ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒಮ್ಮೆ ಸವರಿ, ತಕ್ಷಣವೇ ಒಣ ಬಟ್ಟೆಯಿಂದ ಒರೆಸಬೇಕು.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಯ ಸಂಗತಿಯೇ ಬೇರೆ. ಅಲ್ಲಿಯ ಚಿತ್ರಗಾರ ಮನೆತನದವರು ಹಗುರವಾದ ಮರವನ್ನು ಕೆತ್ತಿ, ಬೇರೆ ಬೇರೆ ಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಗೋಣಿಯ ನಾರು ಮತ್ತು ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಮೆತ್ತಿ, ಅದರ ಮೇಲೆ ನುಣುಪಾದ ಲೇಪ ಕೊಟ್ಟು ಬಣ್ಣ ಬರೆಯುತ್ತಾರೆ. ಲಾಜವರವೆಂಬ ಹಳೆಯ ಕ್ರಮದಲ್ಲಿ ಲೋಹದಿಂದ ಬೆಳ್ಳಿಯ ಹೊಳಪನ್ನು ತಂದು, ಅದರ ಮೇಲೆ ತೆಳುವಾದ ಹಳದಿಯನ್ನು ಹರಿಸಿ ಚಿನ್ನದ ಕಿರೀಟವನ್ನೂ ಒಡವೆಯನ್ನೂ ಮಾಡುತ್ತಿದ್ದರು. ಇಲ್ಲಿ ಮರದಿಂದ ಹೊರಗಿನ ಬಣ್ಣದವರೆಗೆ ಎಷ್ಟೋ ಪದರಗಳು ಅಂಟಿನ ಬಲದಿಂದಲೇ ನಿಂತಿವೆ ಎಂಬುದನ್ನು ಗಮನಿಸಬೇಕು. ನೀರು ಬಿದ್ದರೆ ಆ ಅಂಟು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ, ಆಗ ಬಣ್ಣ ಹಕ್ಕಳೆಯಾಗಿ ಏಳುತ್ತದೆ. ಹಳೆಯ ಕಿನ್ನಾಳ ಗೊಂಬೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಗಲ್ಲದ ಕೆಳಗೆ, ತೋಳಿನ ಮಡಿಕೆಯಲ್ಲಿ, ಕಿರೀಟದ ಅಂಚಿನಲ್ಲಿ ನೋಡಿದರೆ ಹೀಗೆ ಎದ್ದ ಸಣ್ಣ ಸಣ್ಣ ಚಕ್ಕೆಗಳು ನೆರಳು ಬೀರುವುದು ಕಾಣಿಸುತ್ತದೆ. ಅಂತಹ ಕಡೆ ಬಟ್ಟೆಯನ್ನೂ ತಗುಲಿಸಬಾರದು, ಬಟ್ಟೆಯ ಎಳೆಗೆ ಸಿಕ್ಕ ಚಕ್ಕೆ ಬಿದ್ದೇ ಹೋಗುತ್ತದೆ. ಚಿತ್ರ ಬರೆಯುವ ಮೆತ್ತನೆಯ ಚಪ್ಪಟೆ ಕುಂಚದಿಂದ ಮೇಲಿನಿಂದ ಕೆಳಕ್ಕೆ, ತೂಕ ಹಾಕದೆ, ದೂಳನ್ನು ಎಬ್ಬಿಸಿ ತಳ್ಳಬೇಕು. ಕೊಂಡಪಲ್ಲಿಯ ಗೊಂಬೆಗಳಲ್ಲಿಯೂ ಹುಣಸೆ ಬೀಜದ ಪುಡಿ ಮತ್ತು ಮರದ ಹೊಟ್ಟಿನ ಮೆತ್ತುವಿಕೆ ಇರುವುದರಿಂದ ಅವುಗಳಿಗೂ ಇದೇ ಕ್ರಮ. ತಂಜಾವೂರಿನ ಕಾಗದದ ಮುದ್ದೆಯ ಗೊಂಬೆಗೆ, ಸುಡದ ಮಣ್ಣಿನ ಗೊಂಬೆಗೆ, ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಗೊಂಬೆಗೆ ನೀರನ್ನು ತೋರಿಸಲೇಬಾರದು.

ಪಟ್ಟದ ಗೊಂಬೆಗಳ ರಕ್ತಚಂದನ ಗಟ್ಟಿಯಾದ ಮರ. ಅದರ ಕೆಂಪು ನೀರಿಗೆ ಅಷ್ಟಾಗಿ ಬಿಡದಿದ್ದರೂ ಸ್ಪಿರಿಟ್ಟಿಗೆ ಬಿಡುತ್ತದೆ. ಅಲ್ಲಿ ಹೆಚ್ಚು ಜೋಪಾನ ಬೇಕಾದುದು ಮರಕ್ಕಲ್ಲ, ಉಡುಗೆಗೆ. ರೇಷ್ಮೆಯ ಸೀರೆಗೂ ಜರಿಯ ಪೇಟಕ್ಕೂ ಚುಚ್ಚಿದ ಗುಂಡುಸೂಜಿಯನ್ನು ವರ್ಷವಿಡೀ ಹಾಗೆಯೇ ಬಿಟ್ಟರೆ ಮಳೆಗಾಲದ ತೇವಕ್ಕೆ ಅದು ತುಕ್ಕು ಹಿಡಿದು, ರೇಷ್ಮೆಯಲ್ಲಿ ಎಂದಿಗೂ ಹೋಗದ ಕಂದು ಕಲೆಯನ್ನು ಬಿಡುತ್ತದೆ. ಸೂಜಿಯ ಬದಲು ಎರಡು ಹೊಲಿಗೆ ಹಾಕುವುದು ಉತ್ತಮ. ರಬ್ಬರ್ ಬ್ಯಾಂಡಂತೂ ಬೇಡವೇ ಬೇಡ. ಅದರಲ್ಲಿರುವ ಗಂಧಕ ಜರಿಯ ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಹಳೆಯದಾದಾಗ ರಬ್ಬರ್ ಕರಗಿ ಮರಕ್ಕೂ ಅಂಟಿಕೊಳ್ಳುತ್ತದೆ. ಸಾಗರ, ಸೊರಬದ ಗುಡಿಗಾರರು ಕೆತ್ತಿದ ಶ್ರೀಗಂಧದ ಮೂರ್ತಿಗಳಿಗೆ ಪರಿಮಳ ಮರಳಲೆಂದು ಉಪ್ಪುಕಾಗದ ಹಾಕಿ ತಿಕ್ಕುವವರಿದ್ದಾರೆ. ಪರಿಮಳ ಕೆಲವು ದಿನ ಮರಳಬಹುದು, ಆದರೆ ಬೆರಳಿನ ಉಗುರು, ಹಾರದ ಮಣಿ, ಕಣ್ಣಿನ ರೆಪ್ಪೆ ಇವೆಲ್ಲ ಸವೆದು ಹೋಗುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ.

ಹಿತ್ತಾಳೆಯ ವಿಗ್ರಹಗಳನ್ನು ಹುಣಸೆಹಣ್ಣಿನಿಂದ ಬೆಳಗುವುದು ನಮಗೆ ರೂಢಿಯಾಗಿದೆ. ಪೂಜೆಯ ಪಾತ್ರೆಗೆ ಅದು ಸರಿ. ಬೀರುವಿನಲ್ಲಿಟ್ಟ ಹಳೆಯ ಹಿತ್ತಾಳೆ ಗೊಂಬೆಗೆ ವರ್ಷಗಳಿಂದ ಕೂಡಿಬಂದ ಕಂದು ಛಾಯೆಯೇ ಅಂದ, ಅದೇ ಲೋಹಕ್ಕೆ ಒಂದು ಮಟ್ಟಿಗೆ ಕಾವಲು ಕೂಡ. ಬೀದರಿನ ಬಿದ್ರಿ ಕೆಲಸದ ಆನೆ, ನವಿಲುಗಳಿಗೆ ಹುಳಿ ತಗುಲಲೇಬಾರದು. ಸತು ಹೆಚ್ಚಾಗಿರುವ ಆ ಮಿಶ್ರಲೋಹವನ್ನು ಬೀದರ್ ಕೋಟೆಯ ಮಣ್ಣಿನಿಂದ ಕಪ್ಪಾಗಿಸಿರುತ್ತಾರೆ. ಹುಳಿಯಾಗಲಿ ಪಾಲಿಷ್ ಆಗಲಿ ಆ ಕಪ್ಪನ್ನೇ ತಿಂದುಹಾಕಿದರೆ, ಬೆಳ್ಳಿಯ ಬಳ್ಳಿಗಳು ಎದ್ದು ಕಾಣಲು ಹಿನ್ನೆಲೆಯೇ ಉಳಿಯುವುದಿಲ್ಲ. ಒಂದು ತೊಟ್ಟು ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ಸವರಿ ಒರೆಸಿದರೆ ಬೇಕಾದಷ್ಟಾಯಿತು. ಪ್ಲಾಸ್ಟಿಕ್ ಗೊಂಬೆಗಳು ಮಾತ್ರ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರನ್ನು ತಾಳುತ್ತವೆ. ಅವುಗಳನ್ನು ಮೆತ್ತಗೆ ಮಾಡಲು ಸೇರಿಸಿದ ಎಣ್ಣೆಯಂತಹ ವಸ್ತು ಮುಚ್ಚಿದ ಬೀರುವಿನ ಬಿಸಿಯಲ್ಲಿ ಹೊರಗೆ ಜಿನುಗಿ ಮೈ ಅಂಟಂಟಾಗುತ್ತದೆ. ತೊಳೆದು ಒಣಗಿಸಿ, ಆಗಾಗ ಬೀರುವಿನ ಬಾಗಿಲು ತೆರೆದು ಗಾಳಿಯಾಡಿಸಬೇಕು.

ಇನ್ನು ಕೆಲಸದ ಕ್ರಮ. ಬೀರುವನ್ನು ಬರಿದು ಮಾಡುವ ಮೊದಲು ಪ್ರತಿ ಖಾನೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಬಳೆ, ಉಂಗುರ, ಕೈಗಡಿಯಾರಗಳನ್ನು ತೆಗೆದಿಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ. ಮೇಜಿನ ಮೇಲೆ ದಪ್ಪನೆಯ ಟವೆಲ್ ಹಾಸಿ, ಮೇಲಿನ ಖಾನೆಯಿಂದ ಆರಂಭಿಸಿ, ಮುಂದಿನ ಸಾಲಿನಿಂದ ಒಂದೊಂದಾಗಿ ತೆಗೆಯಿರಿ. ಕೃಷ್ಣನ ಕೊಳಲನ್ನೋ ಸರಸ್ವತಿಯ ವೀಣೆಯನ್ನೋ ಹಿಡಿದು ಎತ್ತದೆ, ಒಂದು ಕೈಯನ್ನು ಪೀಠದ ಕೆಳಗೆ ಕೊಟ್ಟು ಇನ್ನೊಂದನ್ನು ನಡುವಿಗೆ ಆಧಾರವಾಗಿ ಹಿಡಿಯಬೇಕು. ದೇವರ ಮನೆಯ ಅಥವಾ ಅಡುಗೆಮನೆಯ ಹತ್ತಿರವಿರುವ ಬೀರುವಿನಲ್ಲಿ ದೂಳು ಬರಿಯ ದೂಳಾಗಿರುವುದಿಲ್ಲ, ದೀಪದ ಮಸಿ, ಊದುಬತ್ತಿಯ ಹೊಗೆ, ಒಗ್ಗರಣೆಯ ಜಿಡ್ಡು ಸೇರಿ ಗೊಂಬೆಯ ತಲೆಯ ಮೇಲೂ ಹೆಗಲಿನ ಮೇಲೂ ಕಪ್ಪನೆಯ ಪದರವಾಗಿ ಕೂತಿರುತ್ತದೆ. ಕುಂಚಕ್ಕೆ ಅದು ಜಗ್ಗುವುದಿಲ್ಲ. ನೀರು ಆಗದೆಂದು ಆಗಲೇ ಹೇಳಿದ ಗೊಂಬೆಗಳನ್ನು ಬಿಟ್ಟು ಉಳಿದವಕ್ಕೆ, ಕಿವಿಗೆ ಬಳಸುವ ಹತ್ತಿಯ ಕಡ್ಡಿಯನ್ನು ನೀರಿನಲ್ಲಿ ತುಸು ನೆನೆಸಿ, ಗೊಂಬೆಯ ತಳದಲ್ಲಿ ಯಾರಿಗೂ ಕಾಣದ ಕಡೆ ಉರುಳಿಸಿ ನೋಡಬೇಕು. ಹತ್ತಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿಬಿಡಿ, ಅದನ್ನು ತಿಳಿದವರ ಕೈಗೆ ಒಪ್ಪಿಸುವುದೇ ಸರಿ. ಗಾಜನ್ನು ಒರೆಸುವಾಗ ದ್ರವವನ್ನು ಬಟ್ಟೆಗೆ ಹಾಕಿಕೊಳ್ಳಬೇಕು, ಗಾಜಿಗೆ ಸಿಂಪಡಿಸಬಾರದು. ಹಲಗೆಗಳು ಪೂರ್ತಿ ಒಣಗಿ, ವಾಸನೆ ಹೋದ ಮೇಲೆಯೇ ಗೊಂಬೆಗಳು ಒಳಗೆ ಹೋಗಬೇಕು.

ಮರದ ಗೊಂಬೆಯ ಅಡಿಯಲ್ಲಿ ಹಿಟ್ಟಿನಂತಹ ಪುಡಿ ಬಿದ್ದಿದ್ದರೆ, ಸೂಜಿಯ ಮೊನೆಯಷ್ಟು ತೂತುಗಳು ಕಂಡರೆ, ಕುಟ್ಟೆ ಹತ್ತಿದೆ ಎಂದು ತಿಳಿಯಬೇಕು. ಅಂತಹುದನ್ನು ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆ ಇಡದಿದ್ದರೆ ಉಳಿದವಕ್ಕೂ ಹರಡುತ್ತದೆ. ನುಸಿಗುಳಿಗೆಯನ್ನು ಗಾಜಿನ ಬೀರುವಿನಲ್ಲಿ ಹಾಕುವುದನ್ನು ನಾನು ಒಪ್ಪುವುದಿಲ್ಲ, ಕೆಲವು ಗುಳಿಗೆಗಳ ಆವಿ ಪ್ಲಾಸ್ಟಿಕ್ಕನ್ನು ಮೆದುವಾಗಿಸುತ್ತದೆ, ಮನೆಯವರ ಉಸಿರಿಗೂ ಒಳ್ಳೆಯದಲ್ಲ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಗಾಳಿಯ ಆರ್ದ್ರತೆ ಶೇಕಡಾ 70ನ್ನು ಮೀರಿ ದಿನಗಟ್ಟಲೆ ನಿಂತಾಗ ಬೂಷ್ಟು ಬರುತ್ತದೆ. ಅಲ್ಲಿ ಬೀರುವನ್ನು ಹೊರಗೋಡೆಗೆ ತಾಗಿಸದೆ ನಾಲ್ಕು ಬೆರಳಿನಷ್ಟು ಅಂತರ ಬಿಟ್ಟು, ಪ್ರತಿ ಖಾನೆಯ ಮೂಲೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡುವುದು ಲೇಸು. ಬಳ್ಳಾರಿ, ಕೊಪ್ಪಳಗಳ ಬೇಸಗೆಯಲ್ಲಿ ಅದನ್ನೇ ತೆಗೆದುಬಿಡಬೇಕು, ಮರ ಅತಿಯಾಗಿ ಒಣಗಿದರೂ ಸೀಳು ಬಿಡುತ್ತದೆ.

ಈಗ ಜೋಡಣೆಗೆ ಬರೋಣ. ಮೊದಲು ಬೀರು ನಿಲ್ಲುವ ಜಾಗವನ್ನು ಗೊತ್ತುಮಾಡಬೇಕು. ಪಡುವಣ ಕಿಟಕಿಯ ಎದುರಿನ ಬೀರು ಸಂಜೆಯ ಬಿಸಿಲಿಗೆ ಒಲೆಯಂತೆ ಕಾಯುತ್ತದೆ, ಅರಗು ಮೆದುವಾಗುತ್ತದೆ, ಬಣ್ಣ ಹಾರುತ್ತದೆ. ಎಲ್ಲ ಬಣ್ಣಗಳೂ ಒಂದೇ ವೇಗದಲ್ಲಿ ಹಾರುವುದಿಲ್ಲ. ಅರಿಸಿನದಿಂದ ಮಾಡಿದ ಹಳದಿ ಬೆಳಕಿಗೆ ಬಹಳ ಬೇಗ ಮಾಸುತ್ತದೆ, ಹಾಗಾಗಿ ಸಸ್ಯಮೂಲದ ಬಣ್ಣ ಹಾಕಿದ ಚನ್ನಪಟ್ಟಣದ ಗೊಂಬೆಗಳು ನೆರಳಿನ ಖಾನೆಯಲ್ಲಿರಲಿ. ವಸ್ತುಸಂಗ್ರಹಾಲಯಗಳಲ್ಲಿ ಬಟ್ಟೆ ಮತ್ತು ಸೂಕ್ಷ್ಮ ಬಣ್ಣಗಳಿಗೆ 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಬೆಳಕು ಸಾಕೆಂದು ನಿಯಮ ಮಾಡಿಕೊಂಡಿದ್ದಾರೆ, ನಮ್ಮ ಹಗಲಿನ ನಡುಮನೆಯಲ್ಲಿ ಅದರ ಹಲವು ಪಟ್ಟು ಬೆಳಕಿರುತ್ತದೆ. ಒಳಗೆ ದೀಪ ಬೇಕೆನ್ನುವವರು ಎಲ್‌ಇಡಿ ಪಟ್ಟಿಯನ್ನು ಮುಂಭಾಗದ ಚೌಕಟ್ಟಿನ ಒಳಬದಿಯಲ್ಲಿ ಅಳವಡಿಸಬೇಕು. ಹಿಂದಿನಿಂದ ಬೆಳಕು ಬಂದರೆ ಮುಖಗಳೆಲ್ಲ ಕಪ್ಪಾಗಿ ಕಾಣುತ್ತವೆ. ಬಿಸಿಯಾಗುವ ಅಡಾಪ್ಟರ್ ಬೀರುವಿನ ಹೊರಗಿರಲಿ.

ಭಾರವಾದ ಲೋಹ ಮತ್ತು ಕಲ್ಲು ಕೆಳಗೆ, ಹಗುರವಾದ ಮರ ಮತ್ತು ಕಾಗದದ ಮುದ್ದೆಯ ಗೊಂಬೆ ಮೇಲೆ ಎಂಬುದು ಸರಳವಾದ ನಿಯಮ. ಹೊಸದಾಗಿ ಕೊಂಡ ಗೊಂಬೆಗೆ ಜಾಗ ಮಾಡಲು ಇದ್ದವನ್ನು ಒತ್ತರಿಸುತ್ತಾ ಹೋಗುವುದು ಎಲ್ಲ ಸಂಗ್ರಹಕಾರರಿಗೂ ಬರುವ ಮೋಹ. ನನ್ನ ಅಭಿಪ್ರಾಯದಲ್ಲಿ ಪ್ರತಿ ಖಾನೆಯ ಮೂರನೆಯ ಒಂದು ಪಾಲಾದರೂ ಬರಿದಾಗಿರಬೇಕು. ಹಾಗಿದ್ದರೆ ಹಿಂದಿನದನ್ನು ತೆಗೆಯಲು ಮುಂದಿನದನ್ನು ಸರಿಸಬೇಕಿಲ್ಲ, ಮೈಗೆ ಮೈ ತಾಗಿ ಬಣ್ಣ ಕೆರೆಯುವುದೂ ಇಲ್ಲ. ಹಿಂದಿನ ಸಾಲಿಗೆ ಮರದ ತುಂಡುಗಳನ್ನು ಕೊಟ್ಟು ಎತ್ತರಿಸಬೇಕು. ಜಂಬೂಸವಾರಿಯ ಮೆರವಣಿಗೆಯಿದ್ದರೆ ಅಂಬಾರಿಯ ಆನೆ, ಕುದುರೆ, ವಾದ್ಯದವರು, ಕಾಲಾಳುಗಳು ಎಲ್ಲರೂ ಒಂದೇ ದಿಕ್ಕಿಗೆ ಸಾಗುತ್ತಿರಬೇಕು, ಆನೆಯ ಮುಂದೆ ಒಂದಿಷ್ಟು ದಾರಿ ಬಿಟ್ಟಿರಬೇಕು. ದಶಾವತಾರವನ್ನು ನೋಡುವವರ ಎಡಗಡೆಯಿಂದ ಮತ್ಸ್ಯನೊಡನೆ ಆರಂಭಿಸಿದರೆ ಕಣ್ಣು ತಾನಾಗಿ ಕಲ್ಕಿಯವರೆಗೆ ಓದಿಕೊಳ್ಳುತ್ತದೆ. ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳಿಗೆ ಮೇಲಿನ ಸ್ಥಾನವಾದರೂ ಬೀರುವಿನಲ್ಲಿ ಅವು ನಿಂತು ನೋಡುವವರ ಕಣ್ಣಿನ ಮಟ್ಟಕ್ಕೆ, ಸುಮಾರು ಐದು ಅಡಿ ಎತ್ತರಕ್ಕೆ ಇದ್ದರೆ ಮುಖದ ಕೆತ್ತನೆ, ಪೇಟದ ಸುತ್ತು, ಮೂಗುತಿಯ ಮುತ್ತು ಚೆನ್ನಾಗಿ ಕಾಣುತ್ತವೆ. ರೈಲು ಹಳಿಯ ಅಥವಾ ಲಾರಿ ಓಡುವ ರಸ್ತೆಯ ಪಕ್ಕದ ಮನೆಗಳಲ್ಲಿ ಗಾಜಿನ ಹಲಗೆಯ ಕಂಪನಕ್ಕೆ ಗೊಂಬೆಗಳು ದಿನಕ್ಕೆ ಕೂದಲೆಳೆಯಷ್ಟು ಸರಿಯುತ್ತಾ ಅಂಚಿಗೆ ಬಂದುಬಿಡುತ್ತವೆ, ಅಲ್ಲಿ ಹಲಗೆಯ ಮೇಲೆ ತೆಳುವಾದ ಹತ್ತಿ ಬಟ್ಟೆ ಹಾಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯವಾದ ಸಲಹೆಯೊಂದಿದೆ. ಇರುವುದನ್ನೆಲ್ಲ ಒಮ್ಮೆಗೇ ಬೀರುವಿನಲ್ಲಿಡಬೇಡಿ. ಅರ್ಧ ಸಂಗ್ರಹ ಹೊರಗಿರಲಿ, ಅರ್ಧ ಪೆಟ್ಟಿಗೆಯಲ್ಲಿ ಕತ್ತಲೆಯಲ್ಲಿರಲಿ. ಪ್ರತಿ ದಸರಾದಲ್ಲಿ ಎಲ್ಲವನ್ನೂ ಮೆಟ್ಟಿಲಿಗೆ ತಂದು, ಹಬ್ಬ ಮುಗಿದಾಗ ಒಳಗಿದ್ದವನ್ನು ಬೀರುವಿಗೂ ಬೀರುವಿನಲ್ಲಿದ್ದವನ್ನು ಪೆಟ್ಟಿಗೆಗೂ ಬದಲಿಸಿರಿ. ಮಳೆ ಹಿಂದೆ ಸರಿಯುವ ಆ ದಿನಗಳು ಒರೆಸುವ ಕೆಲಸಕ್ಕೂ ಒಪ್ಪುತ್ತವೆ. ಪೆಟ್ಟಿಗೆಗೆ ಹಾಕುವಾಗ ಸುದ್ದಿಪತ್ರಿಕೆಯಲ್ಲಿ ಸುತ್ತಬೇಡಿ, ಅದರ ಶಾಯಿ ತಿಳಿ ಬಣ್ಣಗಳಿಗೆ ಹತ್ತುತ್ತದೆ, ಕಾಗದದ ಆಮ್ಲ ಲೋಹಕ್ಕೂ ಬಣ್ಣಕ್ಕೂ ಆಗದು. ಗಂಜಿ ಹಾಕದೆ ಒಗೆದ ಹಳೆಯ ಹತ್ತಿ ಬಟ್ಟೆಯೇ ಆಗಬೇಕು, ಗಂಜಿಯಿದ್ದರೆ ಬೆಳ್ಳಿಹುಳಗಳೂ ಜಿರಳೆಗಳೂ ಹುಡುಕಿಕೊಂಡು ಬರುತ್ತವೆ. ಸುತ್ತಿದ ಮೇಲೆ ಗೊಂಬೆಯ ಹೆಸರು, ಊರು, ಕೊಟ್ಟವರು ಯಾರು, ಯಾವ ವರ್ಷ ಎಂಬುದನ್ನು ಸೀಸದಕಡ್ಡಿಯಿಂದ ಚೀಟಿಯಲ್ಲಿ ಬರೆದು ಹತ್ತಿಯ ದಾರದಿಂದ ಕಟ್ಟಿರಿ. ಸೆಲ್ಲೋ ಟೇಪಿನ ಅಂಟು ಹಳದಿಯಾಗಿ ಬಣ್ಣವನ್ನೇ ಕಿತ್ತುಕೊಂಡು ಬರುವುದರಿಂದ ಅದನ್ನು ಗೊಂಬೆಗೆ ಅಂಟಿಸುವುದು ಬೇಡ. ಅದೇ ವಿವರವನ್ನು ಒಂದು ಪುಸ್ತಕದಲ್ಲಿಯೂ ಬರೆದು, ಯಾವ ಗೊಂಬೆಗೆ ಎಲ್ಲಿ ಬಿರುಕಿದೆ, ಯಾವಾಗ ಯಾವ ಅಂಟಿನಿಂದ ಕೂಡಿಸಲಾಯಿತು ಎಂಬುದನ್ನು ಸೇರಿಸಿಟ್ಟರೆ, ಮುಂದಿನ ವರ್ಷ ಆ ಗೊಂಬೆಯನ್ನು ಎತ್ತುವವರಿಗೆ ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂಬುದು ಮೊದಲೇ ತಿಳಿದಿರುತ್ತದೆ.

ನಮಸ್ಕಾರ.