ದಿಬ್ಬದ ಮೇಲಿನ ಮನೆ

ಕೇಳುಗರಿಗೆ ನಮಸ್ಕಾರ.

ಹೊಸನಗರದಲ್ಲಿ ಬಸ್ಸು ಹತ್ತುವಾಗ ಕಂಡಕ್ಟರು 'ನಗರ, ನಗರ' ಅಂತ ಕೂಗುತ್ತಾರೆ. ಇಳಿದರೆ ಒಂದು ಸಣ್ಣ ಊರು, ಆಚೆಗೆ ಪಾಚಿ ಹಿಡಿದ ಕೋಟೆಗೋಡೆ. ಕೆಳದಿ ಅರಸರ ರಾಜಧಾನಿ ಬಿದನೂರು ಇದೇ. 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಎಂದು ಕರೆದ. 1783ರಲ್ಲಿ ಇಂಗ್ಲಿಷರು ಹಿಡಿದರು, ಅದೇ ವರ್ಷ ಟಿಪ್ಪು ಮರಳಿ ಕಿತ್ತುಕೊಂಡ. ಆಳುವವರು ಬೇರೆಡೆ ಕೂತ ಮೇಲೆ ಪೇಟೆ ಕರಗಿತು, ಹೆಸರು ಉಳಿಯಿತು. ಕೊನೆಗೆ ತಾಲ್ಲೂಕು ಕಚೇರಿಯೂ ಕಲ್ಲೂರುಕಟ್ಟೆಗೆ ಹೋಯಿತು. ಆ ಊರೇ ಈಗಿನ ಹೊಸನಗರ.

ಪೋಲೆಂಡಿನ ವಾರ್ಸಾಗೂ ಇದೇ ಗತಿ ಬರಬಹುದಿತ್ತು. ಎರಡನೇ ಮಹಾಯುದ್ಧದಲ್ಲಿ ತಮ್ಮ ವಿರುದ್ಧ ಎದ್ದ 1944ರ ದಂಗೆ ಅಡಗಿಸಿದ ಜರ್ಮನರು ಜನರನ್ನು ಹೊರದಬ್ಬಿ, ಬೀದಿ ಬೀದಿಗೆ ಬೆಂಕಿ ಹಚ್ಚಿ, ಸಿಡಿಮದ್ದಿಟ್ಟು ಕೆಡವಿದರು. ರಾಜಧಾನಿಯನ್ನು ವೂಚ್ ಪಟ್ಟಣಕ್ಕೇ ಒಯ್ಯೋಣ ಎಂಬ ಮಾತೂ ಬಂತು. ಒಯ್ಯಲಿಲ್ಲ. ಹದಿನೆಂಟನೇ ಶತಮಾನದಲ್ಲಿ ಇಟಲಿಯ ಚಿತ್ರಕಾರ ಬೆಲ್ಲೊಟ್ಟೊ ಬರೆದಿದ್ದ ಬೀದಿಚಿತ್ರಗಳನ್ನು ಎದುರಿಗಿಟ್ಟುಕೊಂಡು ಹಳೇಪೇಟೆ ಕಟ್ಟಿದರು. ಅದನ್ನು 1980ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನನ್ನನ್ನು ಕಾಡುವುದು ಮಾತ್ರ ಮುರಾನೂಫ್ ಬಡಾವಣೆ. ಯಹೂದಿಗಳನ್ನು ಗೋಡೆಯೊಳಗೆ ಕೂಡಿಹಾಕಿದ್ದ ಕೇರಿ ಅದು. ಅಲ್ಲಿ ಬಿದ್ದಿದ್ದ ಇಟ್ಟಿಗೆ ರಾಶಿ ಸಾಗಿಸಿ ಮುಗಿಯುವಂಥದ್ದಲ್ಲ. ಅದನ್ನೇ ಪುಡಿ ಮಾಡಿ ಕಾಂಕ್ರೀಟಿಗೆ ಬೆರೆಸಿದರು, ಉಳಿದ ದಿಬ್ಬದ ಮೇಲೇ ಮನೆ ಎಬ್ಬಿಸಿದರು. ಇಂದಿಗೂ ಕೆಲವು ಮನೆಗಳಿಗೆ ರಸ್ತೆಯಿಂದ ಮೆಟ್ಟಿಲು ಹತ್ತಿಯೇ ಹೋಗಬೇಕು.

ಇಷ್ಟೆಲ್ಲ ಬೇಗ ಆದದ್ದರ ಹಿಂದೆ 1945ರ ಅಕ್ಟೋಬರಿನ ಒಂದು ಆಜ್ಞೆಯಿದೆ: ವಾರ್ಸಾದ ನೆಲವೆಲ್ಲ ನಗರಾಡಳಿತದ್ದು. ಮಾಲೀಕರನ್ನು ಕೇಳುವ ಗೋಜಿಲ್ಲದೆ ರಸ್ತೆ ಅಗಲವಾಯಿತು. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದದ್ದೇ ತಡ, ಅಜ್ಜನ ಕಾಲದ ಕಾಗದ ಹಿಡಿದು ಮೊಮ್ಮಕ್ಕಳು ಬಂದರು. ಆ ಕಾಗದವನ್ನು ಅಗ್ಗಕ್ಕೆ ಕೊಂಡ ದಲ್ಲಾಳಿಗಳೂ ಬಂದರು, ಹೇಳಬೇಕೆ! ದಶಕಗಟ್ಟಲೆ ಬಾಡಿಗೆಗಿದ್ದ ಎಷ್ಟೋ ಮಂದಿ ಗಂಟುಮೂಟೆ ಕಟ್ಟಿದರು.

ಶರಾವತಿ ಮುಳುಗಡೆಯಲ್ಲಿ ಮನೆ ಬಿಟ್ಟು, ಕೊಟ್ಟ ಜಾಗದ ಹಕ್ಕುಪತ್ರಕ್ಕಾಗಿ ತಲೆಮಾರುಗಟ್ಟಲೆ ಅಲೆದವರು ನಮ್ಮಲ್ಲಿದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಊರು ಹೋದದ್ದು ಕರೆಂಟಿಗೆ, ಅಲ್ಲಿ ಯುದ್ಧಕ್ಕೆ. ಕಚೇರಿ ಬಾಗಿಲಲ್ಲಿ ಕಾಯುವುದು ಎರಡೂ ಕಡೆ ಒಂದೇ.

2021ರಲ್ಲಿ ಪೋಲೆಂಡ್ ಕಾನೂನು ತಿದ್ದಿತು. ಮೂವತ್ತು ವರ್ಷಕ್ಕಿಂತ ಹಳೆಯ ಸರ್ಕಾರಿ ಆದೇಶದ ಮೇಲೆ ಇನ್ನು ತಕರಾರು ಎತ್ತುವಂತಿಲ್ಲ. ಮುರಾನೂಫಿನ ದಿಬ್ಬದಡಿ ಯಾರ ಮನೆಯಿತ್ತೋ, ಅವರ ಮೊಮ್ಮಕ್ಕಳಿಗೂ ಸಿಕ್ಕಿದ್ದು ಅದೇ ಉತ್ತರ.

ನಮಸ್ಕಾರ.