ವಾರಂಟ್ ಹೊರಟ ಮೇಲೆ ಏನಾಗುತ್ತದೆ? ಪೊಲೀಸರಿಲ್ಲದ ನ್ಯಾಯಾಲಯದ ಕಥೆ

[ದೃಶ್ಯ: ಹೇಗ್ ನಗರದ ನ್ಯಾಯಾಲಯದ ಕಟ್ಟಡ]

ನಮಸ್ಕಾರ. 2009ರ ಮಾರ್ಚ್ 4ರಂದು ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ಸುಡಾನ್‌ನ ಅಂದಿನ ಅಧ್ಯಕ್ಷ ಒಮರ್ ಅಲ್ ಬಷೀರ್ ಅವರ ಬಂಧನಕ್ಕೆ ವಾರಂಟ್ ಹೊರಡಿಸಿತು. ಡಾರ್ಫರ್ ಪ್ರಾಂತ್ಯದ ಹತ್ಯಾಕಾಂಡಗಳ ಹೊಣೆ ಅವರ ಮೇಲಿತ್ತು. ಅಧಿಕಾರದಲ್ಲಿರುವ ರಾಷ್ಟ್ರಾಧ್ಯಕ್ಷರೊಬ್ಬರ ವಿರುದ್ಧ ಆ ನ್ಯಾಯಾಲಯ ವಾರಂಟ್ ಹೊರಡಿಸಿದ್ದು ಅದೇ ಮೊದಲು. 2015ರ ಜೂನ್‌ನಲ್ಲಿ ಬಷೀರ್ ಶೃಂಗಸಭೆಯೊಂದಕ್ಕೆ ದಕ್ಷಿಣ ಆಫ್ರಿಕಾಕ್ಕೆ ಬಂದಿಳಿದರು. ಅವರು ದೇಶ ಬಿಡಕೂಡದೆಂದು ಅಲ್ಲಿನ ಹೈಕೋರ್ಟ್ ಮಧ್ಯಂತರ ಆದೇಶ ನೀಡಿದ್ದರೂ, ಆ ಆದೇಶ ಜಾರಿಯಲ್ಲಿದ್ದಾಗಲೇ ಅವರ ವಿಮಾನ ಹೊರಟುಹೋಯಿತು.

ಇದು ಹೇಗೆ ಸಾಧ್ಯವಾಯಿತು? 1998ರಲ್ಲಿ ಅಂಗೀಕೃತವಾಗಿ 2002ರ ಜುಲೈ 1ರಂದು ಜಾರಿಗೆ ಬಂದ ರೋಮ್ ಶಾಸನವು, ಅಂದರೆ ಈ ನ್ಯಾಯಾಲಯವನ್ನು ಹುಟ್ಟುಹಾಕಿದ ಒಪ್ಪಂದವು, ಇದಕ್ಕೆ ನ್ಯಾಯಾಧೀಶರನ್ನೂ ಪ್ರಾಸಿಕ್ಯೂಟರ್‌ರನ್ನೂ ಕೊಟ್ಟಿತು, ಆದರೆ ಪೊಲೀಸರನ್ನು ಕೊಡಲಿಲ್ಲ. ಬಂಧಿಸಿ ಒಪ್ಪಿಸುವ ಹೊಣೆ ಸದಸ್ಯ ರಾಷ್ಟ್ರಗಳದು. ಆರೋಪಿಯು ಎದುರಿಗಿಲ್ಲದೆ ವಿಚಾರಣೆ ನಡೆಸಲು ಅದೇ ಶಾಸನದಲ್ಲಿ ಅವಕಾಶವಿಲ್ಲದ ಕಾರಣ, ಬಂಧನವಾಗದಿದ್ದರೆ ಮೊಕದ್ದಮೆಯೇ ನಿಂತುಹೋಗುತ್ತದೆ. ಈ ನ್ಯಾಯಾಲಯದ ಉಳಿದೆಲ್ಲ ತೊಡಕುಗಳಿಗಿಂತ ಇದೇ ದೊಡ್ಡದೆಂದು ನಾನು ಭಾವಿಸುತ್ತೇನೆ.

ರಾಷ್ಟ್ರದ ಮುಖ್ಯಸ್ಥರಿಗೆ ಬಂಧನದಿಂದ ರಕ್ಷಣೆ ಇದೆಯಲ್ಲವೇ ಎಂಬ ವಾದವೂ ಪ್ರತಿ ಬಾರಿ ಏಳುತ್ತದೆ. ಈ ನ್ಯಾಯಾಲಯದ ಮುಂದೆ ಅಂಥ ರಕ್ಷಣೆ ಇಲ್ಲವೆಂದು ಇದರ ಮೇಲ್ಮನವಿ ಪೀಠವು 2019ರಲ್ಲಿ, ಬಷೀರ್ ಅವರನ್ನು ಬಂಧಿಸದೆ ಬಿಟ್ಟ ಜೋರ್ಡಾನ್‌ನ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿತು. ಆದರೂ 2023ರ ಮಾರ್ಚ್‌ನಲ್ಲಿ ವಾರಂಟ್ ಪಡೆದ ರಷ್ಯಾದ ಅಧ್ಯಕ್ಷ ವ್ಲಾದಿಮಿರ್ ಪುಟಿನ್ 2024ರ ಸೆಪ್ಟೆಂಬರ್‌ನಲ್ಲಿ ಮಂಗೋಲಿಯಾಕ್ಕೆ ಹೋಗಿ, ಮರ್ಯಾದೆ ಪಡೆದು ಹಿಂದಿರುಗಿದರು. ಇದೇ ನ್ಯಾಯಾಲಯದ ವಾರಂಟ್ ಇದ್ದ ಇಸ್ರೇಲ್‌ನ ಪ್ರಧಾನಿ ಬೆಂಜಮಿನ್ ನೆತನ್ಯಾಹು ಅವರನ್ನು 2025ರ ಏಪ್ರಿಲ್‌ನಲ್ಲಿ ಬರಮಾಡಿಕೊಂಡ ಹಂಗೇರಿಯಂತೂ ಅದೇ ಭೇಟಿಯ ವೇಳೆ ನ್ಯಾಯಾಲಯದಿಂದಲೇ ಹೊರಬರುವುದಾಗಿ ಘೋಷಿಸಿತು.

[ದೃಶ್ಯ: ವಿಮಾನ ನಿಲ್ದಾಣ]

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಫಿಲಿಪ್ಪೀನ್ಸ್‌ನ ಮಾಜಿ ಅಧ್ಯಕ್ಷ ರೊಡ್ರಿಗೊ ಡುಟೆರ್ಟೆ ಅವರನ್ನು 2025ರ ಮಾರ್ಚ್ 11ರಂದು ಮನಿಲಾದಲ್ಲಿ ಬಂಧಿಸಿ, ಮರುದಿನವೇ ಹೇಗ್‌ಗೆ ಒಪ್ಪಿಸಲಾಯಿತು. ಆದರೆ ಅವರ ಕುಟುಂಬಕ್ಕೂ ಆಳುವ ಅಧ್ಯಕ್ಷರಿಗೂ ಇದ್ದ ಮೈತ್ರಿ ಮುರಿದುಬಿದ್ದ ಮೇಲಷ್ಟೇ ಇದು ನಡೆಯಿತೆಂಬುದನ್ನು ಗಮನಿಸಬೇಕು. ಕಾನೂನು ಮೊದಲಿನಿಂದಲೂ ಅದೇ ಇತ್ತು, ಬದಲಾದದ್ದು ರಾಜಕೀಯ.

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ನೆರವಿಗೆ ಬರಬಹುದಲ್ಲವೇ? ಡಾರ್ಫರ್ ಪ್ರಕರಣವನ್ನು 2005ರಲ್ಲಿ ಈ ನ್ಯಾಯಾಲಯಕ್ಕೆ ಕಳುಹಿಸಿಕೊಟ್ಟದ್ದು ಅದೇ ಮಂಡಳಿ. ಆದರೆ 2014ರಲ್ಲಿ ಸಿರಿಯಾದ ಪ್ರಕರಣವನ್ನು ಹಾಗೆಯೇ ಕಳುಹಿಸಲು 13 ಸದಸ್ಯರ ಬೆಂಬಲವಿದ್ದರೂ ರಷ್ಯಾ ಮತ್ತು ಚೀನಾ ವಿಟೋ ಚಲಾಯಿಸಿದವು. ಸಿರಿಯಾದ ಸಂತ್ರಸ್ತರಲ್ಲಿ ಕೆಲವರಿಗಾದರೂ ತೀರ್ಪು ಸಿಕ್ಕಿದ್ದು ಜರ್ಮನಿಯ ದೇಶೀಯ ನ್ಯಾಯಾಲಯದಲ್ಲಿ: 2022ರ ಜನವರಿಯಲ್ಲಿ ಕೋಬ್ಲೆಂಜ್‌ನ ನ್ಯಾಯಾಲಯವು ಸಿರಿಯಾದ ಮಾಜಿ ಗುಪ್ತಚರ ಅಧಿಕಾರಿಯೊಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ವರ್ಷಗಳು ಉರುಳಿದಷ್ಟೂ ಸಾಕ್ಷಿಗಳು ಮುಪ್ಪಾಗುತ್ತಾರೆ, ಬೆದರಿಕೆಗೆ ಗುರಿಯಾಗುತ್ತಾರೆ, ಕೆಲವರು ತೀರಿಹೋಗುತ್ತಾರೆ. ಡಾರ್ಫರ್‌ನಲ್ಲಿ 2003 ಮತ್ತು 2004ರಲ್ಲಿ ನಡೆದ ಕೃತ್ಯಗಳಿಗಾಗಿ ಸುಡಾನ್ ಸರ್ಕಾರದ ಪರವಾಗಿದ್ದ ಜಂಜಾವೀದ್ ಸಶಸ್ತ್ರ ಪಡೆಯ ನಾಯಕ ಅಲಿ ಕುಶೈಬ್ 27 ಆರೋಪಗಳಲ್ಲಿ ದೋಷಿಯೆಂದು ತೀರ್ಪು ಬಂದದ್ದು 2025ರ ಅಕ್ಟೋಬರ್‌ನಲ್ಲಿ. ಆತ 2020ರಲ್ಲಿ ತಾನಾಗಿಯೇ ಶರಣಾಗಿದ್ದರಿಂದ ಅಷ್ಟಾದರೂ ಆಯಿತು. ಅದೇ ಡಾರ್ಫರ್‌ನ ವಿಚಾರದಲ್ಲಿ ಬಷೀರ್ ಮೇಲೆ ಹೊರಟ ವಾರಂಟ್‌ಗಳು ಜಾರಿಯಾಗದೆ ಉಳಿದಿವೆ.