ಬ್ಲೇಜರ್ಸ್ ತಂಡಕ್ಕೆ ನಮ್ಮ ವಂತಿಗೆ

(ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ, 2025ರ ಆಗಸ್ಟ್‌ನಲ್ಲಿ ಕನ್ನಡ ಕುಟುಂಬಗಳು ಸೇರಿದ್ದಾಗ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ಈ ಸಲ ಗಣೇಶನ ಹಬ್ಬ ಆಗಸ್ಟ್ 27, ಬುಧವಾರ. ಮರುದಿನ ಗುರುವಾರ ಸಂಜೆ ನಮ್ಮ ಯುಎಬಿ, ಅಂದರೆ ಬರ್ಮಿಂಗ್‌ಹ್ಯಾಮ್‌ನ ಅಲಬಾಮಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಬ್ಲೇಜರ್ಸ್‌ನ ಈ ಸೀಸನ್‌ನ ಮೊದಲ ಮ್ಯಾಚ್. ಪ್ರೊಟೆಕ್ಟಿವ್ ಸ್ಟೇಡಿಯಂನಲ್ಲಿ, ಅಲಬಾಮಾ ಸ್ಟೇಟ್ ವಿಶ್ವವಿದ್ಯಾಲಯದ ತಂಡದ ಎದುರು. ವಿಘ್ನೇಶ್ವರನಿಗೆ ಕೈಮುಗಿದು ಮರುದಿನವೇ ಮೈದಾನಕ್ಕೆ ಇಳಿಯುವ ಭಾಗ್ಯ ಎಷ್ಟು ತಂಡಗಳಿಗೆ ಸಿಗುತ್ತದೆ ಹೇಳಿ! ಕಡುಬು ಉಳಿದಿದ್ದರೆ ಡಬ್ಬಿಗೆ ಹಾಕಿಕೊಂಡು ಬನ್ನಿ. ಪಾರ್ಕಿಂಗ್‌ನಲ್ಲಿ ಕಾರಿನ ಡಿಕ್ಕಿ ತೆಗೆದು ಎಲ್ಲರೂ ಮಾಂಸ ಸುಡುತ್ತಿರುತ್ತಾರೆ. ನಾವು ಕಡುಬು ಹಂಚೋಣ.

ನನಗೆ ಅರ್ಧ ಗಂಟೆ ಕೊಟ್ಟಿದ್ದಾರೆ. ಈ ಸೀಸನ್ ಹೇಗಿರಬಹುದು ಅಂತ ಹೇಳಬೇಕು. ಹಳೆಯ ವಿದ್ಯಾರ್ಥಿಗಳಾದ ನಾವು ತಂಡಕ್ಕೆ ಯಾಕೆ ದುಡ್ಡು ಕೊಡಬೇಕು ಅಂತಲೂ ಹೇಳಬೇಕು. ನಾನು ಬಂದಿರುವುದು ಎರಡನೆಯದಕ್ಕೆ. ಆದರೆ ಮೊದಲನೆಯದನ್ನು ಹೇಳದಿದ್ದರೆ ಹಿಂದಿನ ಸಾಲಿನ ಹುಡುಗರು ಎದ್ದು ಹೋಗುತ್ತಾರೆ.

ಹಾಗಾಗಿ ಅದನ್ನು ಮೊದಲು ಮುಗಿಸುತ್ತೇನೆ. ಕೋಚ್ ಟ್ರೆಂಟ್ ಡಿಲ್ಫರ್‌ಗೆ ಇದು ಮೂರನೇ ವರ್ಷ. ಮೊದಲ ವರ್ಷ 4 ಗೆಲುವು, 8 ಸೋಲು. ಕಳೆದ ವರ್ಷ 3 ಗೆಲುವು, 9 ಸೋಲು. ಅಮೆರಿಕನ್ ಕಾನ್ಫರೆನ್ಸ್ ಅನ್ನುವ ಕಾಲೇಜು ತಂಡಗಳ ಗುಂಪಿಗೆ ಬಂದಮೇಲೆ ಎದುರಾಳಿಗಳು ಗಟ್ಟಿಯಾಗಿದ್ದಾರೆ, ನಮ್ಮ ಡಿಫೆನ್ಸ್ ಸೋರುತ್ತಿದೆ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜೇಲನ್ ಕಿಟ್ನಾ ಈ ವರ್ಷವೂ ಇದ್ದಾನೆ, ಅದು ಒಳ್ಳೆಯ ಸುದ್ದಿ. ಕಳೆದ ವರ್ಷ ಟಲ್ಸಾ ಮೇಲೆ 59-21ರಲ್ಲಿ ಗೆದ್ದ ದಿನ ನೆನಪಿದೆಯಲ್ಲ? ಚೆಂಡು ಎಸೆಯುವುದು ಈ ತಂಡಕ್ಕೆ ಬರುತ್ತದೆ. ಎದುರಾಳಿ ಓಡಿ ಬಂದಾಗ ಕೆಡವುವುದೇ ಕಷ್ಟ. ಸೇನಾ ಕಾಲೇಜುಗಳ ತಂಡಗಳಾದ ನೇವಿ, ಆರ್ಮಿ ಎರಡೂ ಪಂದ್ಯದ ಪಟ್ಟಿಯಲ್ಲಿವೆ. ಅವರಿಬ್ಬರೂ ಚೆಂಡು ಹಿಡಿದು ಓಡುವುದರಲ್ಲೇ ಪಳಗಿದವರು. ಸೆಪ್ಟೆಂಬರ್ 20ಕ್ಕೆ ನಾಕ್ಸ್‌ವಿಲ್‌ಗೆ ಹೋಗಿ ಟೆನೆಸ್ಸಿ ಎದುರು ಆಡಬೇಕು, ಒಂದು ಲಕ್ಷಕ್ಕೂ ಜಾಸ್ತಿ ಜನ ಹಿಡಿಸುವ ಸ್ಟೇಡಿಯಂನಲ್ಲಿ. ದೊಡ್ಡವರ ಮನೆಗೆ ಹೋಗಿ ಆಡಿದರೆ ಅವರು ದುಡ್ಡು ಕೊಡುತ್ತಾರೆ, ಆ ದುಡ್ಡಲ್ಲಿ ನಮ್ಮ ಖರ್ಚು ಒಂದಿಷ್ಟು ನಡೆಯುತ್ತದೆ. ಅಕ್ಟೋಬರ್ 18ಕ್ಕೆ ಮೆಂಫಿಸ್ ಇಲ್ಲಿಗೆ ಬರುತ್ತದೆ. ಆ ತಾರೀಖು ಗುರುತು ಹಾಕಿಕೊಳ್ಳಿ.

ನನ್ನನ್ನು ಕೇಳಿದರೆ ಐದು ಗೆಲ್ಲಬಹುದು. ಆರು ಗೆದ್ದರೆ ಬೌಲ್ ಪಂದ್ಯ, ಅಂದರೆ ಸೀಸನ್ ಮುಗಿದ ಮೇಲಿನ ವಿಶೇಷ ಪಂದ್ಯ, ಸಿಗಬಹುದು. ಇಷ್ಟೇ.

ಸೀಸನ್ ಶುರುವಾಗುವ ಮೊದಲು ಬರುವ ಭವಿಷ್ಯಗಳನ್ನು ನಾನು ಜಾಸ್ತಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

2014ರ ಡಿಸೆಂಬರ್ 2. ಇಲ್ಲಿ ಕೂತಿರುವ ಎಷ್ಟೋ ಜನರಿಗೆ ಆ ದಿನ ಗೊತ್ತು. ತಂಡ ಆಗಷ್ಟೇ 6 ಗೆಲುವು, 6 ಸೋಲಿನಲ್ಲಿ ಸೀಸನ್ ಮುಗಿಸಿತ್ತು. ಬಿಲ್ ಕ್ಲಾರ್ಕ್ ಕೋಚ್ ಆಗಿ ಬಂದ ಮೊದಲ ವರ್ಷ. ಹತ್ತು ವರ್ಷದ ಮೇಲೆ ಬೌಲ್ ಪಂದ್ಯಕ್ಕೆ ಅರ್ಹತೆ ಬಂದಿತ್ತು. ಆಗ ವಿಶ್ವವಿದ್ಯಾಲಯದ ಅಧ್ಯಕ್ಷರು ಫುಟ್‌ಬಾಲ್ ನಿಲ್ಲಿಸುತ್ತಿದ್ದೇವೆ ಅಂದರು. ಜೊತೆಗೆ ರೈಫಲ್ ತಂಡ, ಚೆಂಡು ಉರುಳಿಸಿ ಪಿನ್ ಬೀಳಿಸುವ ಹೆಣ್ಣುಮಕ್ಕಳ ಬೌಲಿಂಗ್ ತಂಡ ಕೂಡ. ಸ್ಪರ್ಧೆಯಲ್ಲಿ ಉಳಿಯಬೇಕಾದರೆ ಐದು ವರ್ಷದಲ್ಲಿ ಇನ್ನೂ 4.9 ಕೋಟಿ ಡಾಲರ್ ಬೇಕು ಅಂತ ಒಂದು ವರದಿ ಹೇಳಿತ್ತು. ಆ ಲೆಕ್ಕ ಸರಿಯಿಲ್ಲ ಅಂತ ಆಮೇಲೆ ಬೇರೆ ವರದಿ ಬಂತು, ಜಗಳ ಆಯಿತು, ಅದೆಲ್ಲ ನಿಮಗೆ ಗೊತ್ತೇ ಇದೆ. ನನಗೆ ನೆನಪಿರುವುದು ಆ ಸಂಜೆ. ಸುದ್ದಿ ಹಬ್ಬಿ ಜನ ಬೀದಿಗೆ ಬಂದಿದ್ದರು. ಆರಡಿ ಮೂರಂಗುಲದ ಹುಡುಗರು ಚಿಕ್ಕ ಮಕ್ಕಳ ಹಾಗೆ ಅಳುತ್ತಿದ್ದರು. ಮೇಲಿನ ದರ್ಜೆಯ ಫುಟ್‌ಬಾಲ್‌ನಲ್ಲಿ ಒಂದು ಕಾಲೇಜು ತಂಡವನ್ನು ಹೀಗೆ ಮುಚ್ಚಿದ್ದು 1995ರ ನಂತರ ಅದೇ ಮೊದಲು.

ಆಮೇಲೆ ಆರು ತಿಂಗಳು ಈ ಊರು ಸುಮ್ನೆ ಕೂರಲಿಲ್ಲ. ಹಳೆಯ ವಿದ್ಯಾರ್ಥಿಗಳು ಬಂದರು, ಕಂಪನಿಗಳು ಬಂದವು, ನಗರಸಭೆ ಬಂತು. ಓದುತ್ತಿದ್ದ ಮಕ್ಕಳೂ ನಮ್ಮ ಫೀಸಿನಲ್ಲಿ ಒಂದು ಪಾಲು ತಗೊಳ್ಳಿ ಅಂದರು. ಕೊರತೆ ತುಂಬಲು 1 ಕೋಟಿ 72 ಲಕ್ಷ ಡಾಲರ್‌ಗೆ ಮಾತು ಕೊಟ್ಟರು. 2015ರ ಜೂನ್ 1ಕ್ಕೆ ಅದೇ ಅಧ್ಯಕ್ಷರು ಫುಟ್‌ಬಾಲ್ ಮರಳಿ ಬರುತ್ತದೆ ಅಂದರು. ಬೌಲಿಂಗ್, ರೈಫಲ್ ಕೂಡ ಉಳಿದುಕೊಂಡವು.

ಆದರೆ ಹುಡುಗರಲ್ಲಿ ಜಾಸ್ತಿ ಜನ ಅಷ್ಟರಲ್ಲಿ ಬೇರೆ ಕಾಲೇಜು ಸೇರಿದ್ದರು. 2015ರಲ್ಲಿ ಆಟ ಇಲ್ಲ, 2016ರಲ್ಲಿ ಆಟ ಇಲ್ಲ. ಆಡಲು ಪಂದ್ಯವೇ ಇಲ್ಲದ ತಂಡಕ್ಕೆ ಬಾ ಅಂತ ಹುಡುಗರನ್ನು ಕರೆಯಬೇಕು. ಕ್ಲಾರ್ಕ್ ಕರೆದರು, ಅವರು ಬಂದರು. ಎರಡು ವರ್ಷ ಬರೀ ಅಭ್ಯಾಸ.

ಈಗ ನಾನು 2017ರ ಸೆಪ್ಟೆಂಬರ್ 2ರ ಕಥೆ ಹೇಳಬೇಕು. ಕೆಲವರು ಆಗಲೇ ನಗುತ್ತಿದ್ದೀರಿ, ಮೊದಲೇ ಕೇಳಿದ್ದೀರಿ ಅಂತ. ಹೊಸಬರು ಬಂದಿದ್ದಾರೆ, ಇನ್ನೊಂದು ಸಲ ಕೇಳಿ.

ಆ ವರ್ಷ ನಮ್ಮ ಅಪ್ಪ ಊರಿಂದ ಬಂದಿದ್ದರು. ಹಾಸನದ ಕಡೆಯ ಹಳ್ಳಿ. ಈ ಆಟ ಅವರಿಗೆ ಏನೂ ಗೊತ್ತಿಲ್ಲ. ಫುಟ್‌ಬಾಲ್ ಅಂತೀಯ, ಕೈಯಲ್ಲಿ ಹಿಡ್ಕೊಂಡು ಓಡ್ತಾರಲ್ಲೋ ಅಂತ ಕೇಳಿದರು. ಬನ್ನಿ ಅಪ್ಪ, ಜಾತ್ರೆ ಥರ ಇರುತ್ತೆ ಅಂತ ಕರೆದುಕೊಂಡು ಹೋದೆ. ಆಗಿನ್ನೂ ಹಳೆಯ ಲೀಜನ್ ಫೀಲ್ಡ್. 1927ರಲ್ಲಿ ಶುರುವಾದ ಮೈದಾನ, ಅಲ್ಯೂಮಿನಿಯಂ ಬೆಂಚು ಬಿಸಿಲಿಗೆ ಕಾದ ಹೆಂಚು. ಅಪ್ಪ ಟವೆಲ್ ಮಡಿಸಿ ಹಾಕಿಕೊಂಡು ಕೂತರು.

ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಅಮ್ಮ. ಹಸಿರು ಅಂಗಿ, ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಚೀಲ. ಅವರು ಚೀಲ ಬಿಚ್ಚಿ ಅಪ್ಪನ ಕಡೆ ಹಿಡಿದರು. ಒಳಗೆ ಏನಿತ್ತು ಗೊತ್ತಾ? ಬೇಯಿಸಿದ ಕಡ್ಲೆಕಾಯಿ! ಉಪ್ಪು ನೀರಲ್ಲಿ ಬೆಂದು, ಸಿಪ್ಪೆ ಮೆತ್ತಗಾಗಿ, ಹಿಸುಕಿದರೆ ನೀರು ಚಿಮ್ಮುವಂಥದ್ದು. ನಮ್ಮ ಅಪ್ಪನ ಮುಖ ನೀವು ನೋಡಬೇಕಿತ್ತು. ಅಮೆರಿಕಕ್ಕೆ ಬಂದು ಒಂದು ತಿಂಗಳಾದರೂ ಆ ಮುಖದಲ್ಲಿ ಅಷ್ಟು ನೆಮ್ಮದಿ ನಾನು ಕಂಡಿರಲಿಲ್ಲ. ಇದು ಇಲ್ಲೂ ಸಿಗುತ್ತಾ ಅಂತ ಎರಡು ಸಲ ಕೇಳಿದರು. ಅಲಬಾಮಾದವರಿಗೆ ಇದು ರಸ್ತೆ ಬದಿಯ ತಿಂಡಿ ಅಂತ ಹೇಳಿದೆ. ಹಾಗಾದರೆ ಒಳ್ಳೆ ಜನ ಅಂತ ತೀರ್ಮಾನ ಆಗಿಹೋಯಿತು.

ತಂಡ ಮೈದಾನಕ್ಕೆ ಓಡಿ ಬಂತು. ಒಂದೇ ಸಲಕ್ಕೆ ಇಡೀ ಮೈದಾನ ಎದ್ದು ನಿಂತಿತು. ಅವತ್ತು 45,212 ಜನ. ಯುಎಬಿಯ ಯಾವ ಮನೆ ಪಂದ್ಯಕ್ಕೂ ಅಲ್ಲಿಯವರೆಗೆ ಅಷ್ಟು ಜನ ಬಂದಿರಲಿಲ್ಲ. ಪಕ್ಕದ ಅಮ್ಮ ನಿಲ್ಲಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತೇ ಇದ್ದರು. ಬೆರಳ ಸಂದಿಯಲ್ಲಿ ನೀರು ಇಳಿಯುತ್ತಿತ್ತು. ಅಪ್ಪ ಗಾಬರಿಯಾಗಿ, ಯಾಕೋ ಆಯಮ್ಮ ಅಳ್ತಾ ಇದಾರೆ, ಸೋತ್ರಾ ಅಂದರು. ಇನ್ನೂ ಆಟವೇ ಶುರುವಾಗಿಲ್ಲ ಅಪ್ಪ ಅಂದೆ.

ಅರ್ಧ ಆಟ ಮುಗಿದ ಮೇಲೆ ಅವರೇ ಹೇಳಿದರು. ಯುಎಬಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ತಂಡ ನಿಂತಾಗಿನಿಂದ ತಿಂಗಳಿಗೆ ಇಪ್ಪತ್ತು ಡಾಲರ್ ಕಳಿಸುತ್ತಿದ್ದರಂತೆ, ಪಿಂಚಣಿಯಲ್ಲಿ. ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ಕಡ್ಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದರು. ಓ, ವಂತಿಗೆ ಕೊಟ್ಟವರು ಅಂದರು. ಆಮೇಲೆ, ಹಂಗಾದ್ರೆ ಅಳಬೇಕಾದ್ದೇ, ತೇರು ಹೊರಟಿತಲ್ಲ ಅಂದರು.

ನಮ್ಮ ಊರಲ್ಲಿ ಅಪ್ಪ ಎಷ್ಟೋ ವರ್ಷ ತೇರಿನ ವಂತಿಗೆ ಎತ್ತಿದವರು. ದಾರ ಕಟ್ಟಿದ ಒಂದು ಉದ್ದ ಪುಸ್ತಕ ಇತ್ತು. ನಾನು ಹುಡುಗನಾಗಿದ್ದಾಗ ಅದನ್ನು ಹಿಡಿದುಕೊಂಡು ಅವರ ಹಿಂದೆ ಹೋಗುತ್ತಿದ್ದೆ. ಒಬ್ಬರ ಹೆಸರಿನ ಮುಂದೆ ನೂರೊಂದು ರೂಪಾಯಿ, ಇನ್ನೊಬ್ಬರ ಮುಂದೆ ಎರಡು ಸೇರು ಅಕ್ಕಿ. ಏನೂ ಇಲ್ಲದವರ ಮುಂದೆ, 'ಹಗ್ಗ ಎಳೆಯಲು ಇಬ್ಬರು ಗಂಡುಮಕ್ಕಳು' ಅಂತ ಬರೆದಿರುತ್ತಿತ್ತು. ಯಾವ ಮನೆಯನ್ನೂ ಬಿಡುತ್ತಿರಲಿಲ್ಲ. ಬಿಟ್ಟರೆ ಆ ಮನೆಯವರಿಗೆ ಕೋಪ ಬರುತ್ತಿತ್ತು. ನಮ್ಮನ್ನ ಯಾಕೆ ಕೇಳಲಿಲ್ಲ, ನಾವು ಊರಿನವರಲ್ವಾ ಅಂತ ಜಗಳಕ್ಕೇ ಬರುತ್ತಿದ್ದರು.

ನಾನು ಇವತ್ತು ನಿಮ್ಮ ಹತ್ತಿರ ಕೇಳುತ್ತಿರುವುದು ಅದನ್ನೇ. ದಾನ ಅಂದರೆ ಇದ್ದವರು ಇಲ್ಲದವರಿಗೆ ಕೊಡುವುದು. ವಂತಿಗೆ ಅಂದರೆ ಊರಿನವನಾಗಿ ನನ್ನ ಪಾಲು. ಈ ಊರಲ್ಲಿ ನಮ್ಮಲ್ಲಿ ಕೆಲವರಿಗೆ ಇಪ್ಪತ್ತು ವರ್ಷ, ಕೆಲವರಿಗೆ ಮೂವತ್ತು ವರ್ಷ ಆಯಿತು. ಯುಎಬಿಯಲ್ಲಿ ಓದಿದ್ದೇವೆ, ಅಲ್ಲೇ ಕೆಲಸ ಮಾಡುತ್ತಿದ್ದೇವೆ, ಮಕ್ಕಳು ಅಲ್ಲೇ ಹುಟ್ಟಿದ್ದಾರೆ. ಆದರೂ ವಂತಿಗೆ ಪುಸ್ತಕದಲ್ಲಿ ನಮ್ಮ ಮನೆಗಳ ಹೆಸರು ಎಷ್ಟಿವೆ?

ಅವತ್ತಿನ ಪಂದ್ಯ 38-7ರಲ್ಲಿ ಗೆದ್ದೆವು. ಎರಡು ವರ್ಷ ಆಡದ ತಂಡದಿಂದ ಆ ವರ್ಷ ಏನೂ ಆಗದು ಅಂತ ಪಂಡಿತರು ಬರೆದಿದ್ದರು. ಎಂಟು ಗೆದ್ದೆವು. ಮರುವರ್ಷ 2018ರಲ್ಲಿ ಹನ್ನೊಂದು ಗೆದ್ದು, ಆಗ ನಾವಿದ್ದ ಗುಂಪಾದ ಕಾನ್ಫರೆನ್ಸ್ ಯುಎಸ್‌ಎ ಚಾಂಪಿಯನ್ ಆದೆವು, ಮೊದಲ ಬೌಲ್ ಗೆಲುವೂ ಆಗಲೇ. 2020ರಲ್ಲಿ ಮತ್ತೆ ಚಾಂಪಿಯನ್. 2021ರಲ್ಲಿ ಹೊಸ ಸ್ಟೇಡಿಯಂ ಬಂತು. ಸೀಸನ್ ಭವಿಷ್ಯದ ಬಗ್ಗೆ ನಾನು ಆಗಲೇ ಹೇಳಿದ ಮಾತು ಇದೇ.

ಈಗ ನಿಮ್ಮ ಪ್ರಶ್ನೆಗಳು. ಹೋದ ವಾರ ಒಬ್ಬರು ಅಕ್ಕ ಕೇಳಿದರು: ದುಡ್ಡು ಕೊಡುವುದಾದರೆ ಕ್ಯಾನ್ಸರ್ ಸಂಶೋಧನೆಗೆ ಕೊಡಬಾರದಾ, ಚೆಂಡಾಟಕ್ಕೆ ಯಾಕೆ? ನ್ಯಾಯವಾದ ಪ್ರಶ್ನೆ. ಸಂಶೋಧನೆಗೂ ಕೊಡಿ, ಮೊದಲು ಅದಕ್ಕೇ ಕೊಡಿ. ಆದರೆ ಇದನ್ನೂ ನೋಡಿ. ಪ್ರತಿ ವರ್ಷ ಒಂದು ಪಂದ್ಯದಲ್ಲಿ ನಮ್ಮ ಆಟಗಾರರು ಬೆನ್ನ ಮೇಲೆ ತಮ್ಮ ಹೆಸರು ಹಾಕಿಕೊಳ್ಳುವುದಿಲ್ಲ. ಚಿಲ್ಡ್ರನ್ಸ್ ಹಾರ್ಬರ್ ಸಂಸ್ಥೆ ನೋಡಿಕೊಳ್ಳುವ, ಕಾಯಿಲೆ ಬಿದ್ದ ಮಕ್ಕಳ ಹೆಸರು ಹಾಕಿಕೊಂಡು ಆಡುತ್ತಾರೆ. ಇಲ್ಲಿ ಕೂತಿರುವ ಡಾಕ್ಟರುಗಳು ನೋಡಿದ ಮಕ್ಕಳ ಹೆಸರೂ ಅಲ್ಲಿ ಇದ್ದೀತು. ಆಸ್ಪತ್ರೆ, ಲ್ಯಾಬು, ಮೈದಾನ ಎಲ್ಲ ಒಂದೇ ಊರಿನ ಕೇರಿಗಳು. ಆ ನರ್ಸ್ ಅಮ್ಮ ಅದನ್ನು ಯಾರಿಂದಲೂ ಹೇಳಿಸಿಕೊಳ್ಳಬೇಕಿರಲಿಲ್ಲ.

ತಲೆಗೆ ಪೆಟ್ಟು ಬೀಳುವ ಆಟ ಅಲ್ವಾ ಅಂತ ಇನ್ನೊಬ್ಬರು ಕೇಳಿದರು. ಹೌದು, ಬೀಳುತ್ತದೆ. ಅದಕ್ಕೇ ಒಳ್ಳೆಯ ಡಾಕ್ಟರು, ಒಳ್ಳೆಯ ಟ್ರೇನರ್ ಬೇಕು. ಅದಕ್ಕೂ ದುಡ್ಡು ಬೇಕು. ಈ ಭಯ ನನಗೂ ಇದೆ, ಮುಚ್ಚಿಡುವುದಿಲ್ಲ.

ಎಷ್ಟು ಹೊತ್ತಾಯಿತು? ಹತ್ತು ನಿಮಿಷ ಅಂತ ಕೈ ತೋರಿಸುತ್ತಿದ್ದಾರೆ. ಸರಿ, ಈಗ ಯಾಕೆ ಅವಸರ ಅಂತ ಬೇಗ ಹೇಳುತ್ತೇನೆ.

ಆಟದ ಲೆಕ್ಕವೇ ಈ ಬೇಸಿಗೆಯಲ್ಲಿ ಬದಲಾಯಿತು. 2021ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡಿಯಬಹುದಿತ್ತು. ಈಗ ಜೂನ್ 6ಕ್ಕೆ ನ್ಯಾಯಾಲಯ ಒಪ್ಪಿದ ಒಪ್ಪಂದದ ಪ್ರಕಾರ ಜುಲೈ 1ರಿಂದ ಕಾಲೇಜೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ 2.05 ಕೋಟಿ ಡಾಲರ್. ಹುಡುಗರಿಗೆ ಪಾಲು ಸಿಗುವುದು ನ್ಯಾಯವೇ, ಅವರ ಮೈ ಮುರಿದ ದುಡಿಮೆ ಅದು. ಆದರೆ ಇಲ್ಲಿಂದ ಒಂದು ಗಂಟೆ ದಾರಿಯಲ್ಲಿ ಟಸ್ಕಲೂಸಾ, ಅಲಬಾಮಾದ ದೊಡ್ಡ ಕಾಲೇಜು ತಂಡದ ಊರು. ಅಲ್ಲಿ ಒಂದು ಲಕ್ಷ ಜನರ ಸ್ಟೇಡಿಯಂ ತುಂಬುತ್ತದೆ. ಅವರಿಗೆ ಆ ಮಿತಿ ಮುಟ್ಟುವುದು ಕಷ್ಟವಲ್ಲ. ನಮ್ಮಲ್ಲಿ ಒಬ್ಬ ಹುಡುಗ ಚೆನ್ನಾಗಿ ಆಡಿದರೆ ಮರುವರ್ಷ ಕಾಲೇಜು ಬದಲಾಯಿಸುವವರ ಪಟ್ಟಿಯಾದ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ಹೊರಟುಬಿಡಬಹುದು. ತಡೆಯೋಕಾಗಲ್ಲ.

ಇಂಥ ಹೊತ್ತಲ್ಲಿ ಒಬ್ಬ ದೊಡ್ಡ ಸಾಹುಕಾರ ಬಂದು ಕಾಪಾಡುತ್ತಾನೆ ಅಂತ ಕಾದು ಕೂರಬಾರದು. ಸಾಹುಕಾರ ಒಂದು ವರ್ಷ ಬಂದು ಇನ್ನೊಂದು ವರ್ಷ ಬರದಿದ್ದರೆ? ತಿಂಗಳಿಗೆ ಇಪ್ಪತ್ತು ಡಾಲರ್ ಕೊಡುವ ಸಾವಿರ ಮನೆ ಇದ್ದರೆ ವರ್ಷಕ್ಕೆ 2 ಲಕ್ಷ 40 ಸಾವಿರ. ಮೇಲಾಗಿ ಆ ಸಾವಿರ ಮನೆಯವರು ಆಟಕ್ಕೆ ಬರುತ್ತಾರೆ. ತಂಡ ಮುಚ್ಚುತ್ತೇವೆ ಅಂತ ಮತ್ತೆ ಯಾರಾದರೂ ಅಂದರೆ ಆ ಸಾವಿರ ಮನೆ ಬಾಗಿಲು ತೆರೆದುಕೊಂಡು ಬೀದಿಗೆ ಬರುತ್ತದೆ. 2014ರಲ್ಲಿ ಮುಚ್ಚಿದ ಮೇಲೆ ಎಲ್ಲರೂ ಓಡಿಬಂದೆವು. ನಾನೂ ಆಗಲೇ ಮೊದಲ ಚೆಕ್ ಬರೆದದ್ದು. ಈಗ ಎರಡು ವರ್ಷ ಸೋತಿದ್ದಾರೆ, ಸ್ಟೇಡಿಯಂ ಅರ್ಧ ಖಾಲಿ. ವಂತಿಗೆ ಬೇಕಾಗಿರುವುದು ಇಂಥ ವರ್ಷಕ್ಕೆ. ಮಳೆ ಆಗದ ವರ್ಷವೂ ನಮ್ಮ ಊರಲ್ಲಿ ತೇರು ಎಳೆದಿದ್ದಾರೆ.

ಇನ್ನು ಕೆಲವು ಬಿಡಿ ವಿಷಯ. ನೀವು ಕೆಲಸ ಮಾಡುವ ಕಂಪನಿ ನಿಮ್ಮಷ್ಟೇ ದುಡ್ಡು ಸೇರಿಸಿ ಕೊಡುತ್ತದಾ ಅಂತ ಕೇಳಿ, ಎಷ್ಟೋ ಕಂಪನಿಗಳು ಕೊಡುತ್ತವೆ. ಕೊಡುವಾಗ ಯಾವ ಖಾತೆಗೆ ಅಂತ ಬರೆಯಿರಿ, ವಿದ್ಯಾರ್ಥಿವೇತನಕ್ಕೋ ತಂಡದ ಖರ್ಚಿಗೋ. ಸೀಸನ್ ಟಿಕೆಟ್ ತಗೊಂಡರೆ ಅದೂ ವಂತಿಗೆಯೇ. ಮಾರ್ಚಿಂಗ್ ಬ್ಯಾಂಡ್ ಬಗ್ಗೆ ಹೇಳಬೇಕು ಅಂತ ಬರೆದುಕೊಂಡು ಬಂದಿದ್ದೆ, ಹೊತ್ತಿಲ್ಲ. ನಮ್ಮ ಮಕ್ಕಳಲ್ಲಿ ಇಬ್ಬರು ಅದರಲ್ಲಿ ಊದುತ್ತಾರೆ, ಅವರನ್ನೇ ಕೇಳಿ.

ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ಉದ್ದ ಪುಸ್ತಕ ಇಟ್ಟಿದ್ದೇನೆ. ದಾರ ಕಟ್ಟಿದ್ದು. ಅಪ್ಪನದೇ ಅಲ್ಲ, ಆದರೆ ಅದೇ ಥರದ್ದು, ಹೋದ ಸಲ ಊರಿಗೆ ಹೋದಾಗ ತಂದೆ. ಹೆಸರು ಬರೆಯಿರಿ, ಎದುರಿಗೆ ನಿಮಗೆ ಆದಷ್ಟು ಬರೆಯಿರಿ. ವಿದ್ಯಾರ್ಥಿಗಳು ದುಡ್ಡು ಬರೆಯಬೇಡಿ. 'ಕೂಗಲು ಇಬ್ಬರು' ಅಂತ ಬರೆಯಿರಿ, ಸಾಕು.

ಒಳಗಿಂದ ಊಟಕ್ಕೆ ಕರೆಯುತ್ತಿದ್ದಾರೆ. 28ಕ್ಕೆ ಗುರುವಾರ ಸಂಜೆ ಸಿಗೋಣ. ಹಸಿರು ಅಂಗಿ ಹಾಕಿಕೊಂಡು ಬನ್ನಿ. ಬೇಯಿಸಿದ ಕಡ್ಲೆಕಾಯಿ ನಾನು ತರುತ್ತೇನೆ.